ಭಾವನ ತಾಮ್ರದಚ್ಚಿನ ದೇವರುಗಳು

ಐರ್ಲೆಂಡಿನಲ್ಲಿ ಬಿಸಿಲಿಗೆ ಹೆದರುವ ಮನುಷ್ಯ ಒಬ್ಬರೇ ಒಬ್ಬರು ಇರಬೇಕು. ಅವರು ನಮ್ಮ ಮನೆಗೇ ಗಂಟು ಬಿದ್ದಿದ್ದಾರೆ! ನನ್ನ ಗಂಡನ ಅಣ್ಣ, ಬ್ರಹ್ಮಚಾರಿ, ಬ್ಲಾಂಚರ್ಡ್ಸ್‌ಟೌನಿನ ನಮ್ಮ ಬಾಡಿಗೆ ಮನೆಯ ಸಣ್ಣ ಕೋಣೆಯ ನಿವಾಸಿ.

ವಾರಗಟ್ಟಲೆ ಮಳೆ ಸುರಿದು ಒಂದು ದಿನ ಬಿಸಿಲು ಬಿತ್ತೆಂದರೆ ಅಕ್ಕಪಕ್ಕದವರೆಲ್ಲ ಅಂಗಿ ಬಿಚ್ಚಿ ಹಿತ್ತಲಿನಲ್ಲಿ ಮೈ ಚೆಲ್ಲುತ್ತಾರೆ. ನಮ್ಮ ಭಾವ ಮಾತ್ರ ಮನೆಯ ಪರದೆಗಳನ್ನೆಲ್ಲ ಎಳೆಯುತ್ತ ಓಡಾಡುತ್ತಾರೆ. ಗೋಡೆಯ ಮೇಲಿನ ದೇವರುಗಳಿಗೆ ಬಿಸಿಲು ತಾಗಬಾರದಂತೆ. ನಮ್ಮ ದೇವರಾಗಿದ್ದರೆ ಕೈಮುಗಿದು ಸುಮ್ಮನಾಗಬಹುದಿತ್ತು. ಇವರು ಗ್ರೀಸು, ರೋಮಿನವರು! ಹದಿನೆಂಟನೆಯ ಶತಮಾನದಲ್ಲಿ ಯಾರೋ ತಾಮ್ರದ ತಗಡಿನ ಮೇಲೆ ಕೊರೆದು, ಮಸಿ ತುಂಬಿ, ಕಾಗದಕ್ಕೆ ಒತ್ತಿದ ಚಿತ್ರಗಳು. ಸಿಡಿಲು ಎಸೆಯುವ ಜ್ಯೂಪಿಟರ್, ಬೇಟೆಗೆ ಹೊರಟ ಡಯಾನಾ, ಮೈಮೇಲೆ ಬಟ್ಟೆಯೇ ನಿಲ್ಲದ ವೀನಸ್. ಹಳೇ ಸಾಮಾನಿನ ಹರಾಜು ಎಲ್ಲಿ ನಡೆದರೂ ಭಾವ ಹಾಜರ್. ಗಾಲ್ವೇಗೆ ಸ್ನೇಹಿತರ ಮಗುವಿನ ನಾಮಕರಣಕ್ಕೆಂದು ಹೋದವರು ಮಗುವನ್ನೇ ನೋಡದೆ, ಒಬ್ಬ ನೆಪ್ಚೂನನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದರು. ಮಗುವಿಗೆ ಉಡುಗೊರೆಯಾಗಿ ನಾನು ಕಳಿಸಿದ್ದ ಕಂಬಳಿ ಅದು!

ಒಗ್ಗರಣೆಯ ಹೊಗೆಯೂ ಈ ಕಾಗದಕ್ಕೆ ಆಗದು. ಹಾಗಾಗಿ ನಾನು ಹಿತ್ತಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಪುಟ್ಟ ಗ್ಯಾಸ್ ಒಲೆಯ ಮೇಲೆ ಸಾಸಿವೆ ಸಿಡಿಸಬೇಕು. ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ಇಣುಕಿ, "ಆರ್ ಯೂ ಗ್ರ್ಯಾಂಡ್, ಲವ್?" ಎಂದು ಕನಿಕರಿಸುತ್ತಾಳೆ. ಇಲ್ಲಿನವರ ಬಾಯಲ್ಲಿ ಗ್ರ್ಯಾಂಡ್ ಎಂದರೆ ಕ್ಷೇಮ. ಗ್ರ್ಯಾಂಡಂತೆ!

"ಭಾವ, ಈ ಚಳೀಲಿ ನಾನ್ ಸತ್ತೋದ್ರೆ?"

"ಇಂಗು ಮಾತ್ರ ಒಳಗ್ ತರ್ಬೇಡಮ್ಮ, ಪೇಪರ್ ವಾಸನೆ ಹಿಡ್ಕೊಳ್ಳುತ್ತೆ."

ಇಂಥ ಮನೆಗೆ ಮೈಸೂರಿನಿಂದ ಅತ್ತೆ ಬಂದರು. ಬಂದವರೇ ವೀನಸ್ಸಿಗೆ ಟವೆಲ್ ಹೊದಿಸಿದರು. ನನಗೇನೂ ಬೇಸರವಾಗಲಿಲ್ಲ. ಆದರೆ ಆಮೇಲೆ ಅವರ ಕಣ್ಣು ನನ್ನ ಮಗಳ ಕೈಯ ಮೇಲೆ ಬಿತ್ತು. ಇಲ್ಲೇ ಹುಟ್ಟಿದ ಅವಳಿಗೆ ಬರೆಯಲು, ಉಣ್ಣಲು, ಎಲ್ಲಕ್ಕೂ ಎಡಗೈಯೇ.

"ಎಡಗೈಲಿ ಅನ್ನ ಮುಟ್ತಾರೇನೆ? ತೆಗಿ ಕೈನ!" ಎಂದು ಅತ್ತೆ ಪ್ರತಿ ತುತ್ತಿಗೂ ಅವಳ ಕೈಗೆ ಬಡಿಯತೊಡಗಿದರು. ಮಗಳು, "ಐಯಾಮ್ ನಾಟ್ ಹಂಗ್ರಿ, ಅಜ್ಜಿ," ಎಂದು ಊಟಕ್ಕೆ ಬರುವುದನ್ನೇ ಬಿಟ್ಟಳು. ಅವಳ ಬಾಡಿದ ಮುಖ ನೋಡುತ್ತಿದ್ದರೂ ನನಗೆ ಅತ್ತೆಗೆ ಎದುರಾಡಲು ಬಾಯಿ ಬರುತ್ತಿರಲಿಲ್ಲ.

ಭಾನುವಾರ ಅವಳನ್ನು ಹೇಗೋ ಪುಸಲಾಯಿಸಿ ಊಟಕ್ಕೆ ಕೂರಿಸಿದ್ದೆ. ಅನ್ನ ಬಡಿಸಿದ್ದೇ ತಡ, ಭಾವ ಎದ್ದು ಹೋಗಿ ಗೋಡೆಯ ದೇವರುಗಳನ್ನೆಲ್ಲ ಇಳಿಸಿ ತಂದು ಸಾರಿನ ಪಾತ್ರೆಯ ಪಕ್ಕ ಜೋಡಿಸತೊಡಗಿದರು. ಈ ಮನುಷ್ಯನಿಗೆ ಇದೇ ಹೊತ್ತೇ ಸಿಕ್ಕಿದ್ದು?

"ನೋಡು ಪುಟ್ಟಿ, ಜ್ಯೂಪಿಟರ್ ಸಿಡಿಲು ಯಾವ್ ಕೈಲಿ ಹಿಡಿದಿದಾನೆ?"

"ಲೆಫ್ಟ್."

"ಡಯಾನಾ ಈಟಿ?"

"ಲೆಫ್ಟ್!"

ಭಾವ ಟವೆಲ್ ಸರಿಸಿ ವೀನಸ್ಸಿನ ಕೈಯಲ್ಲಿದ್ದ ಸೇಬು ತೋರಿಸಿದರು.

"ಲೆಫ್ಟ್, ದೊಡ್ಡಪ್ಪ!"

ಅತ್ತೆ ಕನ್ನಡಕ ಏರಿಸಿಕೊಂಡು ಬಗ್ಗಿದರು. "ಇದೇನೋ, ಇವರ ದೇವ್ರಿಗೆಲ್ಲ ಎಡಗೈಯಾ?"

"ಮೂಲ ಚಿತ್ರದಲ್ಲಿ ಬಲಗೈನೇ ಅಮ್ಮ. ಅದನ್ನ ನೋಡಿ ತಗಡಿನ ಮೇಲೆ ಹಾಗೇ ಕೊರೆದ್ರೆ, ಕಾಗದಕ್ಕೆ ಒತ್ತಿದಾಗ ಉಲ್ಟಾ ಬರುತ್ತೆ. ಜಾಣರು ಕನ್ನಡೀಲಿ ನೋಡ್ಕೊಂಡು ಕೊರೆದು ಸರಿ ಮಾಡ್ತಿದ್ರು. ನಾನು ಹುಡ್ಕೋದು, ಸರಿ ಮಾಡ್ದೇ ಬಿಟ್ಟಿರೋದನ್ನ."

"ಅದ್ಯಾಕೆ?"

ಭಾವ ತಲೆ ತಗ್ಗಿಸಿದರು. "ಚಿಕ್ಕೋನಿದ್ದಾಗ ನೀನು ಹಳೇ ಸೀರೆ ಅಂಚಲ್ಲಿ ನನ್ನ ಎಡಗೈನ ಸೊಂಟಕ್ಕೆ ಕಟ್ಟಿ ಊಟಕ್ಕೆ ಕೂರಿಸ್ತಿದ್ದೆ ಅಮ್ಮ. ಬಲಗೈ ರೂಢಿ ಆಯ್ತು. ಆದ್ರೂ ಈಗ್ಲೂ ಊಟಕ್ಕೆ ಕೂತ್ರೆ ಆ ಕೈನ ತೊಡೆ ಕೆಳಗೆ ಇಟ್ಕೋತೀನಿ."

ಅತ್ತೆ ಅನ್ನಕ್ಕೆ ಸಾರು, ತುಪ್ಪ ಹಾಕಿ ಕಲೆಸಿದರು. ಒಂದು ಕೈತುತ್ತು ಮಾಡಿ ಮೊಮ್ಮಗಳ ಎಡಗೈಗೆ ಇಟ್ಟರು. ಇನ್ನೊಂದು ತುತ್ತು ಮಾಡಿ ಮಗನತ್ತ ಚಾಚಿದರು. ಭಾವ ರೂಢಿಯಂತೆ ಬಲಗೈ ಒಡ್ಡಿದರು.

"ಅದಲ್ಲ ಕಣೋ," ಎಂದರು ಅತ್ತೆ, "ಆ ಕೈ ಕೊಡು."