ಬೋಟಿನ್ಯಾಗ ಮಾತಾಡೂದು ಏನು?

ನಮ್ಮ ಮನ್ಯಾಗ ಸರಳ ಕೆಲಸ ಅಂತ ಒಂದೂ ಇಲ್ಲ ನೋಡ್ರಿ. ಗ್ವಾಡಿಗೆ ಒಂದು ಮೊಳಿ ಹೊಡೀಲಿಕ್ಕೆ ಹೋದ್ರೂ ಇಡೀ ಚಾಳು ಬಂದು ನಿಂತು ಸಲಹೆ ಕೊಡತದ. ಹಂತಾದ್ರಾಗ ನಾನು, ನಲವತ್ತೆಂಟು ವರ್ಷದ ಗುಮಾಸ್ತ, ಹೆಂಡತೀನ ಕರಕೊಂಡು ಆಗಬೋಟು ಅನ್ನೂ ಉಗಿ ಹಡಗದಾಗ ಕೊಂಕಣದ ದಂಡಿ ನೋಡಲಿಕ್ಕೆ ಹೊಂಟೆ ಅಂದ್ರ ಸುಮ್ಮನ ಬಿಡತಾರೇನು?

ವಿಚಾರ ಹುಟ್ಟಿದ್ದು ಮಗಳ ಮದುವಿ ಮುಗಿದ ಮ್ಯಾಲೆ. ಥಂಡಿ ದಿನದಾಗ ಸಮುದ್ರ ಶಾಂತ ಇರತದ, ಬೋಟಿನ ಅಂಚಿನ ಕಟಾಂಜನಕ್ಕ ಆತು ನಿಂತರ ಗುಡ್ಡ, ಹಳೇ ಕೋಟೆ, ತೆಂಗಿನ ತ್ವಾಟ ಎಲ್ಲಾ ತಾವಾಗಿ ಕಣ್ಣ ಮುಂದ ಬರತಾವ ಅಂತ ಆಫೀಸಿನ್ಯಾಗ ಯಾರೋ ಹೇಳಿದ್ರು. ಮುಂಬೈಯಿಂದ ಇಡೀ ದಿನ ಕೂತು ವೆಂಗುರ್ಲಾ ಬಂದರಕ್ಕ ಹೋಗೂದು, ಅದೇ ಬೋಟಿನ್ಯಾಗ ತಿರುಗಿ ಬರೂದು. ಅಲ್ಲೆ ಯಾರಿದ್ದಾರ ಅಂತ ನಮ್ಮಾಕಿ ಕೇಳಿದ್ಲು. ಯಾರೂ ಇಲ್ಲ ಅಂದೆ. ಇಪ್ಪತ್ತಮೂರು ವರ್ಷದಾಗ ನಾವು ಮದುವಿ, ಬಾಣಂತನ, ತಿಥಿ ಬಿಟ್ಟು ಎಲ್ಲಿಗೂ ಹೋದವರಲ್ಲ. ಅದಕ್ಕ ಆಕಿ, "ಹಂಗಾರ ಹೋಗೋಣು" ಅಂದ್ಲು.

ಆವತ್ತಿಂದ ನನಗ ಹೆದರಿಕಿ ಸುರುವಾತು. ಧಾರವಾಡದಾಗ ತುಂಬಿದ ಮನಿ. ಇಲ್ಲೆ ಅಂಧೇರಿ ಚಾಳಿಗೆ ಬಂದ ಮ್ಯಾಲೂ ಒಂದ ಖೋಲಿಯೊಳಗ ಅವ್ವ, ತಮ್ಮ, ಮಗಳು. ಅವ್ವ ತೀರಿಕೊಂಡ್ಲು, ತಮ್ಮ ವಿಕ್ರೋಳಿ ಕಾರಖಾನಿ ಸೇರಿ ಬ್ಯಾರೆ ಮನಿ ಮಾಡಿದ, ಮಗಳು ಅತ್ತಿ ಮನಿಗೆ ಹೋದ್ಲು. ಅಷ್ಟೂ ವರ್ಷ ನಾವಿಬ್ಬರೂ ಮಾತಾಡಿದ್ದು ಅಂದ್ರ ಉಪ್ಪು, ಸೀಮಿ ಎಣ್ಣಿ, ನಳದ ನೀರು. ಲೋಕಲ್‌ನ್ಯಾಗ ಹೋದ್ರೂ ಆಕಿ ಹೆಂಗಸರ ಡಬ್ಬಿಯೊಳಗ, ನಾ ಗಂಡಸರ ಡಬ್ಬಿಯೊಳಗ. ಈಗ ಮಗ್ಗಲಕ್ಕ ಮಗ್ಗಲ ಅಷ್ಟು ಹೊತ್ತು ಕೂತು ಏನು ಮಾತಾಡೂದು? ಮಾತ ಸಿಗಲಿಲ್ಲಂದ್ರ, ಇಂಥಾವನ ಜೋಡಿ ಇಷ್ಟು ವರ್ಷ ಕಳದೆನಲ್ಲಾ ಅಂತ ಆಕಿಗೆ ಅನಸೂದಿಲ್ಲೇನು? ಖರೇ ಹೇಳತೀನಿ, ನನಗ ನಿದ್ದಿ ಹತ್ತಲಿಲ್ಲ.

೧. ರಜಾ ಅರ್ಜಿ

ಅರ್ಜಿಯೊಳಗ ಖರೇ ಕಾರಣಾನ ಬರದೆ: ಹೆಂಡತಿ ಜೋಡಿ ಸಮುದ್ರ ನೋಡಲಿಕ್ಕೆ. ಸಾಹೇಬರು ಕರಸಿದ್ರು. ನಮ್ಮ ಆಫೀಸಿನ್ಯಾಗ ಸಾವು, ಮದುವಿ, ಟೈಫಾಯ್ಡು ಬಿಟ್ಟು ಬ್ಯಾರೆ ಕಾರಣಕ್ಕ ಯಾರೂ ರಜಾ ಕೇಳಿದ್ದಿಲ್ಲ. ಅವರು ಎದ್ದು ಹೋಗಿ ಖಿಡಕಿ ತಗದ್ರು. ಹೊರಗ ಸಮುದ್ರ ಇತ್ತು. ಇದು ಸಾಲೂದಿಲ್ಲೇನು ಅಂತ ಕೇಳಿದ್ರು. ಇದನ್ನ ನಾನೊಬ್ಬನ ನೋಡೇನ್ರಿ, ಆಕಿ ಜೋಡಿ ನೋಡಿಲ್ಲ ಅಂದೆ.

ಅರ್ಜಿ ಮತ್ತೊಮ್ಮೆ ಓದಿದ್ರು. ಬಾಗಲಾ ಹಾಕಿಸಿದ್ರು. ದನಿ ಇಳಿಸಿ, "ಮನ್ಯಾಗ ಏನರ ಜಗಳ ಆಗೇದೇನು?" ಅಂದ್ರು. ಇಲ್ಲ ಅಂದ್ರ ನಂಬಲಿಲ್ಲ. ನಾಕು ದಿನ ಕೇಳಿದಾವಂಗ ಐದು ದಿನ ಕೊಟ್ಟು, ತಪ್ಪು ಯಾರದ ಇರಲಿ, ಮೊದಲ ನೀನ ಸೋತುಬಿಡು ಅಂತ ಬುದ್ಧಿ ಹೇಳಿ ಕಳಿಸಿದ್ರು.

೨. ಜೋಕಾಲಿ

ಚಾಳಿನ ಕೆಳಗ ಉಡುಪಿ ಕಡೆಯವರದೊಂದು ಹೋಟೆಲ್. ಮಾಲಕರು ಸಣ್ಣಂದಿನಿಂದ ಬೋಟು ಕಂಡವರು. "ವಾಂತಿ ಆಗ್ತದೆ ಮಾರಾಯ್ರೇ. ಎಂಟು ದಿವಸ ಉಯ್ಯಾಲೆಯಲ್ಲಿ ಕೂತು ಅಭ್ಯಾಸ ಮಾಡಿ" ಅಂದ್ರು.

ನಮ್ಮ ಚಾಳಿನ್ಯಾಗ ಜೋಕಾಲಿ ಇದ್ದದ್ದು ಎದುರು ಖೋಲಿ ಮರಾಠಿ ಅಜ್ಜಿ ಮನ್ಯಾಗ ಅಷ್ಟ. ಸಂಜೀಕ ಹೋಗಿ ಇಬ್ಬರೂ ಕೂತಿವಿ. ಮಂದಿ ಎದುರಿಗೆ ಒಂದ ಹಲಗಿ ಮ್ಯಾಲೆ ಕೂತದ್ದು ಮದುವಿ ಮಂಟಪ ಬಿಟ್ಟರ ಅದ. ಆಕಿ ನೆಲಾ ನೋಡಿದ್ಲು, ನಾ ಮಾಳಿಗಿ ನೋಡಿದೆ. ಹದಿನೈದು ನಿಮಿಷದಾಗ ನಾ ಅಂದದ್ದು, ತಲಿ ತಿರಗತದೇನು? ಆಕಿ ಅಂದದ್ದು, ಇಲ್ರಿ. ಮುಗೀತು. ಹದಿನೈದು ನಿಮಿಷಕ್ಕ ಎರಡು ಮಾತಾದ್ರ ವೆಂಗುರ್ಲಾ ಮುಟ್ಟೂದು ಹೆಂಗ?

ಅಷ್ಟರಾಗ ಅಜ್ಜಿ ಒಳಗಿಂದ ಉಪ್ಪು ಮೆಣಸಿನಕಾಯಿ ತಂದು ನಮ್ಮಿಬ್ಬರ ದೃಷ್ಟಿ ತಗದ್ಲು. ಬಾಯಾಗ ಸಕ್ಕರಿ ಹಾಕಿದ್ಲು. ಯಾಕಜ್ಜಿ ಅಂದ್ರ ಕಣ್ಣು ಒರಸಿಕೊಂಡ್ಲು. ಪಾಪ, ನಾವಿಬ್ಬರೂ ಮಾತು ಬಿಟ್ಟು ಹತ್ತು ವರ್ಷ ಆಗೇದ ಅಂತ ತಿಳಕೊಂಡಿದ್ದಳಂತ.

೩. ಖೋಲಿ

ಥಂಡಿ ಅಂದ್ರ ನಮ್ಮಾಕಿಗೆ ಧಾರವಾಡದ ಥಂಡೀನ. ನಾಕು ಕೌದಿ, ಎರಡು ಕಂಬಳಿ, ಸ್ಟೋವ್, ಒಂದು ಡಬ್ಬಿ ಚಕ್ಕಲಿ ಎಲ್ಲಾ ಗಂಟು ಕಟ್ಟಿ ಬಾಗಲದಾಗ ಇಟ್ಟಳು. ನಾವು ಖೋಲಿ ಬಿಡಲಿಕ್ಕತ್ತೇವಿ ಅಂತ ಸುದ್ದಿ ಹಬ್ಬಿತು. ಮುಂಬೈಯೊಳಗ ಖೋಲಿ ಖಾಲಿ ಆಗತದ ಅಂದ್ರ ಸಣ್ಣ ಸುದ್ದಿಯೇನು? ಮರುದಿನ ಬಾಂದ್ರಾದಿಂದ ಒಬ್ಬರು ಗಂಡ ಹೆಂಡತಿ ಅಳತಿ ಪಟ್ಟಿ ಹಿಡಕೊಂಡು ಬಂದ್ರು.

ಮನಿಗೆ ಬಂದವರನ್ನ ನಮ್ಮಾಕಿ ಹಂಗ ಕಳಸತಾಳೇನು? ಯಾರು, ಎತ್ತ ಕೇಳದ ಚಾ ಕೊಟ್ಟು, ನಳಾ ಎಷ್ಟೊತ್ತಿಗೆ ಬರತದ, ಮಳಿಗಾಲದಾಗ ಎಲ್ಲೆ ಸೋರತದ ಎಲ್ಲಾ ಹೇಳಿದ್ಲು. ನಾ ಆಫೀಸಿನಿಂದ ಬರೂದ್ರಾಗ ಅವರಿಬ್ಬರೂ ಕಪಾಟು ಎಲ್ಲೆ ಇಡೂದು ಅಂತ ವಾದಕ್ಕ ಬಿದ್ದಿದ್ರು. ನಾವು ಐದ ದಿನದಾಗ ತಿರುಗಿ ಬರತೇವಿ ಅಂದೆ. ಬೋಟಿನ್ಯಾಗ ಹೊಂಟೀರಲ್ಲ, ಯಾವುದಕ್ಕೂ ಇರಲಿ ಅಂತ ಆ ಮನಿಷ್ಯಾ ತನ್ನ ವಿಳಾಸ ಬರದು ಕೊಟ್ಟು ಹೋದ.

೪. ಪಟ್ಟಿ

ಹೊರಡೂ ವಾರ ನಾ ತಡೀಲಾರದ ಮಾತಿನ ವಿಷಯದ್ದೊಂದು ಪಟ್ಟಿ ಮಾಡಿದೆ. ಏಳು ಪ್ರಶ್ನೆ. ಮಡಚಿ ಕೋಟಿನ ಕಿಸೆದಾಗ ಇಟ್ಟೆ. ಹೊರಡೂ ದಿನ ಮುಂಜಾನೆ ಬಂದರದ ಧಕ್ಕೆ ಮ್ಯಾಲೆ ಬೋಟಿಗೆ ಕಾಯಕೋತ ನಿಂತಾಗ, ಬಾಯಿಪಾಠ ಮಾಡೋಣು ಅಂತ ಆಕಿಗೆ ಬೆನ್ನು ಮಾಡಿ ತಗದು ನೋಡತೀನಿ, ಪ್ರತಿಯೊಂದರ ಮುಂದೂ ಪೆನ್ಸಿಲ್‌ಲೆ ಉತ್ತರ! ಕೋಟು ಝಾಡಿಸೂ ಮುಂದ ಆಕಿಗೆ ಸಿಕ್ಕಿರಬೇಕು.

ಅಳಿಯ ಹೆಂಗ ಅನಸತಾನ? ಚೊಲೋ ಇದ್ದಾನ, ಗೊರಕಿ ಹೊಡೀತಾನಂತ. ರಿಟೈರ್ ಆದ ಮ್ಯಾಲೆ ಧಾರವಾಡಕ್ಕ ಹೋಗೂದೇನು? ನೀವು ಹೋಗಿ ಬರ್ರಿ. ಅವ್ವ ನಿನ್ನ ಭಾಳ ಕಾಡಿದ್ಲೇನು? ಹೌದು. ಹಿಂಗ ಆರೂ ಮುಗದಿದ್ವು. ಏಳನೇದ್ದನ್ನ ನಾ ಎರಡು ಸಲ ಹೊಡದು ಹಾಕಿ ಮತ್ತ ಬರದಿದ್ದೆ: ನನ್ನ ಕಟ್ಟಿಕೊಂಡು ನಿನಗ ಸುಖಾ ಆತೇನು? ಅದರ ಮುಂದ ಬರದಿದ್ಲು, ಇದನ್ನ ನನ್ನ ಮಾರಿ ನೋಡಿ ಕೇಳ್ರಿ.

ತಿರುಗಿದೆ. ಆಕಿ ಕೌದಿ ಗಂಟಿನ ಮ್ಯಾಲೆ ಕೂತು ನನ್ನ ನೋಡಲಿಕ್ಕತ್ತಿದ್ಲು. ಸುತ್ತಲೂ ಮಂದಿ ನೂಕಾಡಲಿಕ್ಕತ್ತಿತ್ತು. ಇಪ್ಪತ್ತಮೂರು ವರ್ಷದಾಗ ಅಷ್ಟು ಹೊತ್ತು ಆಕಿ ಮಾರಿ ನೋಡಿದಾವಲ್ಲ ನಾನು. ಕೇಳಿದೆ.

"ಉತ್ತರಾ ಉದ್ದ ಅದ," ಅಂದ್ಲು. "ಮೊದಲ ಬೋಟು ಹತ್ತರಿ."

ಹತ್ತಿದಿವಿ. ಕಟಾಂಜನದ ಹಂತೇಕ ಜಾಗಾ ಹಿಡದು ಕೂತಿವಿ, ಆಕಿ ಸುರು ಮಾಡಿದ್ಲು. ಗುಡ್ಡ ಬಂದ್ವು, ಕೋಟೆ ಬಂದ್ವು, ಒಂದನ್ನೂ ನೋಡಲಿಕ್ಕೆ ಬಿಡಲಿಲ್ಲ. ಅರ್ಧಕ್ಕಿಂತ ಹೆಚ್ಚು ಹಾದಿ ಮುಗಿದು ಸಂಜೀಕ ರತ್ನಾಗಿರಿ ಬಂದಾಗ ಆಕಿ ಇನ್ನೂ ಮದುವಿ ಆದ ಮೊದಲನೇ ವರ್ಷದಾಗ ಇದ್ಲು.