ದೋಣಿ ಮಂಚದಂತೆ ನಿಲ್ಲಬೇಕು

ಕಲಬುರಗಿಯಂಥ ಊರಿನಲ್ಲಿ ಹಾಯಿದೋಣಿ ಇಟ್ಟುಕೊಂಡವನನ್ನು ಜನ ಸುಮ್ಮನೆ ಬಿಡುವುದಿಲ್ಲ. ಏನಾದರೊಂದು ನಡೆಯುತ್ತಲೇ ಇರುತ್ತದೆ. ನನಗೆ ಮಾತು ಕಡಿಮೆ. ಅವರು ಆಡಿದ್ದನ್ನೇ ಬರೆಯುತ್ತೇನೆ.

ಲಾರಿಯ ಮೇಲೆ

ಮುಂಬೈ ಬಂದರಿನಲ್ಲಿ ಸಾಹೇಬರೊಬ್ಬರ ಹಾಯಿದೋಣಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಕೆಲಸ ಬಿಟ್ಟು ಊರಿಗೆ ಹೊರಟಾಗ ಅವರು ಹಳೆಯ ಸಣ್ಣ ದೋಣಿಯೊಂದನ್ನು ಕೊಟ್ಟರು. ಲಾರಿಗೆ ಹೇರಿಕೊಂಡು ಬಂದೆ. ಕಡುಬೇಸಿಗೆ. ಸ್ಟೇಶನ್ ಬಜಾರದಲ್ಲಿ ಲಾರಿ ಸಿಕ್ಕಿಕೊಂಡಿತು. ಆಟೋದವನೊಬ್ಬ ದೋಣಿಯನ್ನು ನೋಡಿದ, ಆಕಾಶ ನೋಡಿದ, ನನ್ನನ್ನು ನೋಡಿದ.

“ಮುತ್ಯಾ, ಈ ವರ್ಷ ಮಳಿ ಅಷ್ಟ್ ಜೋರ್ ಬರ್ತದೇನು?”

“ಹೂಂ,” ಎಂದೆ.

ಆಟೋದ ಹರಿದ ಟಾಪಿಗೆ ಅವತ್ತೇ ತೇಪೆ ಹಾಕಿಸಿದನಂತೆ.

ಶರತ್ತು

ದೋಣಿ ತಂದದ್ದು ಹೆಂಡತಿಗಾಗಿ. ಇದನ್ನು ಅವಳಿಗೆ ಹೇಳಿಲ್ಲ.

ಲಗ್ನವಾದ ಹೊಸದರಲ್ಲಿ ಅವಳನ್ನು ಒಮ್ಮೆ ಮುಂಬೈಗೆ ಕರೆದೊಯ್ದಿದ್ದೆ. ಲಂಗರು ಹಾಕಿ ನಿಲ್ಲಿಸಿದ್ದ ದೋಣಿ ತೋರಿಸಿದೆ. ಅದು ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ ಹೋಯಿತು.

“ಕಟ್ಟೀರಲ್ಲ?” ಎಂದಳು.

“ಕಟ್ಟೀನಿ.”

“ಕಟ್ಟಿದ ಮ್ಯಾಲೂ ಅಲ್ಲಾಡೋದು ನನಗ ಬ್ಯಾಡ್ರಿ. ಮಂಚದ್ಹಾಂಗ ನಿಲ್ಲಿಸ್ರಿ, ಹತ್ತತೀನಿ.”

ಹತ್ತಲೇ ಇಲ್ಲ. ನನ್ನ ಆಯುಷ್ಯವೆಲ್ಲ ನೀರಿನ ಮೇಲೆ ಹೋಯಿತು. ಅಲ್ಲಿಂದ ದಂಡೆ ಹೇಗೆ ಕಾಣುತ್ತದೆ ಎಂಬುದು ಅವಳಿಗೆ ಗೊತ್ತೇ ಇಲ್ಲ. ಕಮಲಾಪುರದ ಹತ್ತಿರದ ಕೆರೆ ಈ ಮಳೆಗಾಲದಲ್ಲಿ ತುಂಬಿತು. ಬೇಸಿಗೆ ಬಂದರೆ ಮತ್ತೆ ತಳ ಕಾಣುತ್ತದೆ. ಅಷ್ಟರೊಳಗೆ ಅವಳನ್ನು ಹತ್ತಿಸಬೇಕಿತ್ತು.

“ದೋಣಿ ನೀರಿಗೆ ಇಳಿಸೀನಿ. ಬರ್ತೀಯೇನು?” ಎಂದೆ.

“ಮಂಚ ಆಗ್ಯಾದೇನು?” ಎಂದಳು.

ಲಂಗರು

ಸಾಹೇಬರು ದೋಣಿ ಕೊಟ್ಟಿದ್ದರು, ಲಂಗರು ಕೊಟ್ಟಿರಲಿಲ್ಲ. ರೋಜಾ ಬಡಾವಣೆಯ ಕಮ್ಮಾರನ ಮುಂದೆ ಮಣ್ಣಿನಲ್ಲಿ ಬರೆದು ತೋರಿಸಿದೆ.

“ಚಾಚಾ, ಇದು ಬಾವ್ಯಾಗ ಬಿದ್ದ ಕೊಡ ತೆಗಿಯೋ ಪಾತಾಳಗರಡಿ. ಇಷ್ಟ್ ದೊಡ್ಡದ್ಯಾಕ? ಎಮ್ಮಿ ಬಿದ್ದದೇನು?”

“ಏನೂ ಬಿದ್ದಿಲ್ಲ. ಇದನ್ನ ನೀರಾಗ ಹಾಕೋದು.”

“ಹಾಕಿ ಏನ್ ತೆಗೀತೀರಿ?”

“ಏನಿಲ್ಲ. ತಳದಾಗ ಬಿದ್ದಿರ್ತದ.”

ಅವನು ಸುತ್ತಿಗೆ ಕೆಳಗಿಟ್ಟ. “ಹಾಂಗಾದ್ರ ಚಂದ ಮಾಡೋ ಜರೂರತ್ ಇಲ್ಲ.”

ಬಕೆಟ್ಟು

ಲಂಗರು ಗಟ್ಟಿಯಾಗಿ ಕಚ್ಚಿತು. ದೋಣಿ ಮಾತ್ರ ನಿಲ್ಲಲಿಲ್ಲ. ಮಗ್ಗುಲಿಗೆ ತೂಗುವುದು ಒಂದು, ಎಡಬಲ ಓಡಾಡುವುದು ಇನ್ನೊಂದು.

ತೂಗಾಟಕ್ಕೆ ಒಂದು ಬಕೆಟ್ಟನ್ನು ಪಕ್ಕದಿಂದ ನೀರಿನೊಳಗೆ ಇಳಿಬಿಟ್ಟೆ. ಮುಳುಗಿದ ಬಕೆಟ್ಟು ದೋಣಿಯ ಆ ಮಗ್ಗುಲನ್ನು ಬೇಗ ಮೇಲೇಳಗೊಡುವುದಿಲ್ಲ. ದಂಡೆಯ ಮೇಲೆ ಕೆಂಪು ಬಾಳೆಯ ತೋಟದವನು ಬಹಳ ಹೊತ್ತಿನಿಂದ ನೋಡುತ್ತಿದ್ದ.

“ಕಾಕಾ, ಏನ್ ಮಾಡಾಕತ್ತೀರಿ?”

“ಬಕೆಟ್ ಕಟ್ಟಾಕತ್ತೀನಿ.”

“ಅದು ಕಾಣ್ತದ್ರಿ. ಕೆರಿ ನೀರು ಕೆರ್ಯಾಗೇ ಕಟ್ಟಿಟ್ಟೀರಿ. ಯಾರ್ ಒಯ್ತಾರಂತ?”

ತೂಗಾಟ ಕಡಿಮೆಯಾಯಿತು. ಓಡಾಟ ನಿಲ್ಲಲಿಲ್ಲ. ಗಾಳಿ ದೋಣಿಯ ಮೂತಿಯನ್ನು ಪಕ್ಕಕ್ಕೆ ತಳ್ಳುತ್ತದೆ, ದೋಣಿ ಆ ಕಡೆ ಓಡುತ್ತದೆ, ಹಗ್ಗ ಬಿಗಿದು ಎಳೆಯುತ್ತದೆ, ಮತ್ತೆ ಈ ಕಡೆ ಓಡುತ್ತದೆ. ಹಿಂಭಾಗದಲ್ಲಿ ಮೂರು ಮೂಲೆಯ ಸಣ್ಣ ಹಾಯಿಯೊಂದನ್ನು ಬಿಗಿದು ಕಟ್ಟಿದರೆ ಗಾಳಿ ಹಿಂಭಾಗವನ್ನು ಹಿಂದಕ್ಕೇ ಒತ್ತಿ ಹಿಡಿಯುತ್ತದೆ. ಮೂತಿ ಗಾಳಿಗೆ ನೇರವಾಗಿ ನಿಲ್ಲುತ್ತದೆ. ಅದಕ್ಕೆ ಬಟ್ಟೆ ಬೇಕಿತ್ತು.

ಸೀರೆ

ಮನೆಯಲ್ಲಿ ಕೌದಿ ಹೊಲಿಯಲೆಂದು ಹೆಂಡತಿ ಎತ್ತಿಟ್ಟ ಹಳೆಯ ಸೀರೆಗಳ ಗಂಟು ಇತ್ತು. ಹಸಿರು ಸೀರೆಯೊಂದನ್ನು ಎಳೆದುಕೊಂಡೆ. ಕೇಳಲಿಲ್ಲ. ಕೋಟನೂರಿನ ದರ್ಜಿ ಎರಡು ಪದರು ಮಾಡಿ ಹೊಲಿದ.

ಬಾಳೆಹಣ್ಣು ಕೊಡಿಸುತ್ತೇನೆಂದು ಅವಳನ್ನು ಕಮಲಾಪುರಕ್ಕೆ ಕರೆತಂದೆ. ಕೆರೆಯ ದಂಡೆಯ ಬೇವಿನ ಗಿಡದ ಕೆಳಗೆ ಕೂರಿಸಿದೆ. ದೋಣಿ ಒಯ್ದು ಲಂಗರು ಹಾಕಿದೆ, ಹಗ್ಗ ಉದ್ದ ಬಿಟ್ಟೆ, ಪಕ್ಕಕ್ಕೆ ಬಕೆಟ್ಟು ಇಳಿಸಿದೆ, ಹಿಂದೆ ಸಣ್ಣ ಹಾಯಿ ಏರಿಸಿದೆ. ದೋಣಿ ನಿಂತಿತು. ಹೆಮ್ಮೆಯಿಂದ ದಂಡೆಯ ಕಡೆ ನೋಡಿದೆ. ಅವಳು ಎದ್ದು ನಿಂತಿದ್ದಳು.

“ರೀ! ಅದು ನನ್ನ ಸೀರಿ!”

ನಾನು ಕೆರೆಯ ಆ ಕಡೆ ನೋಡಿದೆ.

“ಆ ಕಡಿ ಏನ್ ನೋಡ್ತೀರಿ? ಬಂದೆ ನಿಲ್ರಿ!”

ಮೀನು ಹಿಡಿಯುವವನೊಬ್ಬನ ಬುಟ್ಟಿಯಂಥ ದುಂಡು ತೆಪ್ಪ ದಂಡೆಯಲ್ಲಿತ್ತು. ಹತ್ತಿಯೇ ಬಿಟ್ಟಳು. ತೆಪ್ಪ ಬುಗುರಿಯಂತೆ ತಿರುಗಿತು. ಅವಳು ಅದರಲ್ಲಿ ನಿಂತುಕೊಂಡೇ ಬೈಯುತ್ತ ಬಂದಳು. “ಅವ್ವಾ, ಕುಂಡ್ರು” ಎಂದು ತೆಪ್ಪದವನು ಕೈಮುಗಿದ. ಕೇಳಲಿಲ್ಲ. ನನ್ನ ಭುಜ ಹಿಡಿದು ದೋಣಿ ಹತ್ತಿದಳು. ಹಾಯಿಯ ಅಂಚು ಹಿಡಿದಳು.

“ಬಿಚ್ರಿ.”

“ಬಿಚ್ಚಿದ್ರ ಅಲ್ಲಾಡ್ತದ.”

ಆಗ ತಾನೆಲ್ಲಿದ್ದೇನೆಂದು ನೋಡಿಕೊಂಡಳು. ಮೆಲ್ಲಗೆ ಕೂತಳು. ದೋಣಿ ಅಲ್ಲಾಡಲಿಲ್ಲ. ಬೇವಿನ ಗಿಡ, ತೋಟ, ದಂಡೆಯಲ್ಲಿ ಬಿಟ್ಟು ಬಂದ ತನ್ನ ಚಪ್ಪಲಿ, ಎಲ್ಲವನ್ನೂ ದೂರದಿಂದ ನೋಡಿದಳು. ನೀರಿನ ಮೇಲಿಂದ ದಂಡೆ ಹೀಗೆ ಕಾಣುತ್ತದೆ. ನನಗೆ ರೂಢಿ. ಅವಳಿಗೆ ಅದು ಹೊಸದು.

“ಮುಂಬೈದಾಗ ಈ ಸಣ್ಣ ಹಾಯಿ ಇದ್ದಿಲ್ಲೇನು?” ಎಂದಳು ಕೊನೆಗೆ.

“ದೋಣಿ ಸಾಹೇಬರದ್ದು. ನನ್ನ ಹತ್ರ ಅರಿವಿ ಇದ್ದಿಲ್ಲ.”

“ನನಗ ಒಂದ್ ಮಾತ್ ಕೇಳಿದ್ರ ಆವಾಗ್ಲೇ ಸೀರಿ ಕೊಡ್ತಿದ್ದೆ. ನೀವು ಬಾಯಿ ಬಿಟ್ರ ತಾನೇ!”

ಹೊತ್ತು ಇಳಿಯಿತು. ತೆಪ್ಪದವನು ಮತ್ತೆ ಬಂದ. “ಬರ್ರಿ ಅವ್ವಾ, ದಂಡಿಗೆ ಬಿಡ್ತೀನಿ.”

ಅವಳು ತೆಪ್ಪವನ್ನು ಮೇಲಿಂದ ಕೆಳಗೆ ನೋಡಿದಳು.

“ಅಯ್ಯ, ಅದ್ರಾಗ ಯಾರ್ ಹತ್ತತಾರ? ಅಲ್ಲಾಡ್ತದ!” ಎಂದಳು. ನನ್ನ ಕಡೆ ತಿರುಗಿದಳು. “ರೀ, ಲಂಗರ ಎತ್ರಿ.”