ಗುರಿಕಡ್ಡಿ ಮತ್ತು ಮೊಣಕೈ

ಇಂದ,
ಎಲ್ಯುಟೇರಿಯೊ ತಾಲಿಯೋನ್ ಉರುಫ್ ತೆರ್ಯೊ,
ಇಲೋಯ್ಲೊ–ಬಕೊಲೋಡ್ ಹಡಗಿನ ನಿವೃತ್ತ ಎರಡನೇ ಇಂಜಿನಿಯರ್,
ಹಾಲಿ ವಾಸ: ಇದೇ ಮನೆಯ ಹಿತ್ತಿಲ ಬೆಂಚು, ಟಿಗ್ಬಾವಾನ್.

ಗೆ,
ಶ್ರೀಮತಿ ಪ್ರೆಸೆಂತಾಸಿಯೋನ್ ತಾಲಿಯೋನ್ ಉರುಫ್ ಸಿಯೋನ್ ಅವರು,
ಪುರಸಭೆಯ ನಿವೃತ್ತ ಜನನ-ಮರಣ ನೋಂದಣಾಧಿಕಾರಿ,
ಹಾಲಿ ಈ ಮನೆಯ ಮಂಜೂರಾತಿ ಪ್ರಾಧಿಕಾರ, ಅಡುಗೆಮನೆ.

ವಿಷಯ: ದಂಪತಿಗಳಿಬ್ಬರೂ ಬಳಸುವ ಪಿಸ್ತೂಲಿಗೆ ಹೊಸ ಟ್ರಿಗರ್ ಹಾಗೂ ಹೊಸ ಗುರಿಕಡ್ಡಿ ಹಾಕಿಸಬೇಕೆಂಬ ಅರ್ಜಿದಾರನ ಬೇಡಿಕೆಯನ್ನು ಬಹುಪಾಲು ಹಿಂಪಡೆಯುವ ಬಗ್ಗೆ, ಹಾಗೂ ತಾವು ಗುರಿ ಹೊಡೆಯುವುದನ್ನು ಬಿಟ್ಟ ತೀರ್ಮಾನದ ಮರುಪರಿಶೀಲನೆ ಬಗ್ಗೆ.

ಉಲ್ಲೇಖ:
೧. ಪವಿತ್ರ ವಾರದ ಸೋಮವಾರ, ತಾವು ಮೀನು ಹುರಿಯುತ್ತಿದ್ದಾಗ ಅರ್ಜಿದಾರನು ಮಾಡಿದ ಮೌಖಿಕ ಬೇಡಿಕೆ. ಸೌಟು ತೋರಿಸಿ ವಿಲೇ ಮಾಡಲಾಗಿದೆ.
೨. ಅದೇ ಗುರುವಾರದ ಲಿಖಿತ ಬೇಡಿಕೆ, ಮತ್ತು ಅದರ ಮೇಲೆ ಕೆಂಪು ಶಾಯಿಯಲ್ಲಿ ತಮ್ಮ ಷರಾ: "ಗುರಿಕಡ್ಡಿ ಬದಲಿಸುವ ಮೊದಲು ಕಣ್ಣು ಬಿಟ್ಟು ನೋಡತಕ್ಕದ್ದು."
೩. ಜೂನ್ ಹನ್ನೆರಡು, ಊರಹಬ್ಬದ ಪಂದ್ಯದ ಮೈದಾನದಲ್ಲಿ ತಮ್ಮ ಆದೇಶ: "ನನ್ನ ಕಣ್ಣು ಹೋಯ್ತು. ಇನ್ನು ಇದನ್ನ ಮುಟ್ಟಲ್ಲ."

ಮಾನ್ಯರೇ,

ಮೇಲ್ಕಂಡ ವಿಷಯವನ್ನು ಬಾಯಲ್ಲೇ ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಮೂರು ಸಲ ಪ್ರಯತ್ನಿಸಲಾಗಿದೆ. ಮೊದಲ ಸಲ ಕೆಮ್ಮು ಬಂತು. ಎರಡನೇ ಸಲ ತಾವು "ಏನದು, ಬೇಗ ಹೇಳು" ಎಂದಿರಿ, ಅರ್ಜಿದಾರನು ಬೇಗ "ಉಪ್ಪು ಕಡಿಮೆ" ಎಂದನು. ಮೂರನೇ ಸಲ ತಾವು ಅವನ ಮುಖವನ್ನೇ ನೋಡಿದಿರಿ. ಮೂವತ್ತೊಂದು ವರ್ಷ ಊರಿನ ಹುಟ್ಟು-ಸಾವುಗಳನ್ನು ಬರಹದಲ್ಲಿ ಇಲ್ಲದಿದ್ದರೆ ನಂಬದೇ ಬಂದವರು ತಾವು. ಆದ ಕಾರಣ ಈ ಅರ್ಜಿ.

೧. ಸದರಿ ಪಿಸ್ತೂಲನ್ನು ಒಂಬತ್ತು ವರ್ಷಗಳ ಹಿಂದೆ ತಂದಾಗ ಪೆಟ್ಟಿಗೆಯಲ್ಲಿ ಹೇಗಿತ್ತೋ ಹಾಗೇ ಬಳಸುತ್ತಾ ಬರಲಾಗಿದೆ. ಅದರಲ್ಲೇ ಹೊಡೆದು ತಾವು ಮೂರು ಕಪ್ ಗೆದ್ದಿದ್ದೀರಿ. ಒಂದರಲ್ಲಿ ಈಗ ಬೆಳ್ಳುಳ್ಳಿ ಇದೆ. ಅರ್ಜಿದಾರನ ಗುಂಡುಗಳು ಮಾತ್ರ ಒಂಬತ್ತು ವರ್ಷವೂ ಗುರಿಯಿಂದ ಒಂದು ಗೇಣು ಕೆಳಗೇ ಬಿದ್ದಿವೆ. ಇದಕ್ಕೆ ಟ್ರಿಗರ್ ಬಿಗಿ ಇರುವುದೂ, ನಳಿಗೆಯ ತುದಿಯ ಮೇಲಿರುವ ಪುಟ್ಟ ಗುರಿಕಡ್ಡಿ ಕಳಪೆಯಾಗಿರುವುದೂ ಕಾರಣವೆಂದು ಅರ್ಜಿದಾರನು ದೃಢವಾಗಿ ನಂಬಿದ್ದನು.

೨. ಈ ನಂಬಿಕೆಗೆ ನೀರೆರೆದವನು ಕ್ಲಬ್ಬಿನ ಮೈದಾನ ನೋಡಿಕೊಳ್ಳುವ, ನಮ್ಮ ಮಗಳ ಧರ್ಮಪಿತ, ಆ ನಂಟಿನ ಸಲಿಗೆಯಿಂದ ಅರ್ಜಿದಾರನನ್ನು 'ಪಾರೆ' ಎಂದೇ ಕರೆಯುವ ಚೋಯ್. ಅವನು ತನ್ನ ಪಿಸ್ತೂಲಿಗೆ ಎಲ್ಲವನ್ನೂ ಹೊಸದು ಹಾಕಿಸಿದ್ದು ತಮಗೆ ಗೊತ್ತೇ ಇದೆ.

"ಒತ್ತಿ ನೋಡು ಪಾರೆ. ಬೆಣ್ಣೆ," ಎಂದನು.

"ನಂದು ಕಲ್ಲು ಕಣೋ."

"ಬದಲಾಯ್ಸು ಮತ್ತೆ. ಗುರಿಕಡ್ಡೀನೂ ಹಾಕ್ಸು. ಹಸಿರಾಗಿ ಹೊಳೆಯುತ್ತೆ, ಕುರುಡನಿಗೂ ಕಾಣ್ಸುತ್ತೆ."

"ಸಿಯೋನ್ ಒಪ್ಬೇಕಲ್ಲ."

"ಅದಕ್ಕೆ ಬೇಕಾದ ಬಿಡಿಭಾಗ ಯಾವ ಅಂಗಡೀಲೂ ಸಿಗಲ್ಲ ಬಿಡು."

ಅದರಂತೆ ಬೇಡಿಕೆ ಸಲ್ಲಿಸಲಾಗಿ, ತಾವು ಸೌಟು ಎತ್ತಿ, "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ನಾನು ಹೊಡೆಯೋದೂ ಇದರಲ್ಲೇ ಅಲ್ವಾ? ಹೋಗು, ತಟ್ಟೆ ತೊಳಿ," ಎಂದಿರಿ. ತಟ್ಟೆ ತೊಳೆಯಲಾಯಿತು. ಗುರುವಾರ ಲಿಖಿತವಾಗಿ ಕೇಳಿದಾಗ ಬಂದ ಷರಾ ಉಲ್ಲೇಖ ೨ರಲ್ಲಿದೆ. ಅರ್ಜಿದಾರನು ಅದನ್ನು ಬೈಗುಳವೆಂದು ಭಾವಿಸಿ ಎರಡು ದಿನ ಮುನಿಸಿಕೊಂಡಿದ್ದನು. ತಾವು ಗಮನಿಸಲಿಲ್ಲ.

೩. ಈ ಕಂಡಿಕೆಯನ್ನು ದಯವಿಟ್ಟು ಕುಳಿತು ಓದತಕ್ಕದ್ದು.

ಏಪ್ರಿಲ್‌ನಲ್ಲಿ ತಮ್ಮ ಬಲಗಣ್ಣಿನ ಪೊರೆ ತೆಗೆಸಲಾಯಿತು. ಆರು ವಾರ ಪಿಸ್ತೂಲು ಮುಟ್ಟಕೂಡದೆಂದು ವೈದ್ಯರು ಹೇಳಿದ್ದರು. ಮೇ ತಿಂಗಳ ಒಂದು ಮಧ್ಯಾಹ್ನ ತಾವು ಕಣ್ಣಿಗೆ ಹನಿ ಹಾಕಿಸಿಕೊಂಡು ಮಲಗಿದ್ದಾಗ, ಅರ್ಜಿದಾರನು ಹಡಗಿನ ಕಾಲದ ಅರವನ್ನು ಹುಡುಕಿ ತೆಗೆದು, ಹಿತ್ತಿಲ ಬೆಂಚಿನ ಮೇಲೆ ಕುಳಿತು, ಗುರಿಕಡ್ಡಿಯ ತಲೆಯನ್ನು ಒಂದೂವರೆ ಮಿಲಿಮೀಟರ್ ಉಜ್ಜಿದನು. ಕಡ್ಡಿ ಗಿಡ್ಡವಾದರೆ ಗುಂಡು ಮೇಲೆ ಹೋಗುತ್ತದೆ, ಇದು ಲೆಕ್ಕ. ಹೊಸದು ಹಾಕಿಸಬೇಡ ಎಂದು ತಾವು ಆದೇಶಿಸಿದ್ದಿರಿ, ಹಳೆಯದನ್ನು ಉಜ್ಜಬೇಡ ಎಂದು ಎಲ್ಲಿಯೂ ನಮೂದಿಸಿರಲಿಲ್ಲ. ಈ ವಾದ ನಿಲ್ಲುವುದಿಲ್ಲ ಎಂಬುದು ಬರೆಯುವಾಗಲೇ ತಿಳಿಯುತ್ತಿದೆ.

೪. ಅರ್ಜಿದಾರನ ಗುಂಡುಗಳು ನಡುವಿಗೇ ಬಡಿಯತೊಡಗಿದವು. ಮೂರು ವಾರ ಅವನು ರಾಜ. ಕ್ಲಬ್ಬಿನವರಿಗೆಲ್ಲ ಬತ್ಚೊಯ್ ಶಾವಿಗೆ ತಿನ್ನಿಸಿದನು. "ನನ್ನನ್ನೂ ಮೀರಿಸ್ತೀಯೇನೋ ಮುದುಕಾ," ಎಂದು ತಾವು ನಕ್ಕಾಗ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಆ ನಗು ಅವನಿಗೆ ಬೇಕಾಗಿತ್ತು.

೫. ಹಬ್ಬದ ಪಂದ್ಯದಲ್ಲಿ ಕೊನೆಯ ಸರದಿ ತಮ್ಮದು. ಹದಿನೈದು ಮೀಟರ್ ದೂರದಲ್ಲಿ ಆರು ಕಬ್ಬಿಣದ ತಟ್ಟೆಗಳು. ಚಿಕಿತ್ಸೆಯ ನಂತರ ತಾವು ಪಿಸ್ತೂಲು ಹಿಡಿದದ್ದು ಅಂದೇ ಮೊದಲು. ಆರು ಗುಂಡು ಹಾರಿದವು, ಒಂದು ತಟ್ಟೆಯೂ ಸದ್ದು ಮಾಡಲಿಲ್ಲ.

"ಒಂದೂ ಬೀಳ್ಲಿಲ್ವಾ?" ಎಂದು ತಾವು ತಿರುಗಿ ಕೇಳಿದ್ದು ಅರ್ಜಿದಾರನನ್ನು.

"ಇಲ್ಲ," ಎಂದನು ಅರ್ಜಿದಾರನು. ಕಾರಣ ಅವನಿಗೆ ಆ ಕ್ಷಣವೇ ಹೊಳೆದಿತ್ತು.

ತಾವು ಪಿಸ್ತೂಲು ಖಾಲಿ ಮಾಡಿ ಚೋಯ್‌ಗೆ ತೋರಿಸಿ, ಪೆಟ್ಟಿಗೆಯಲ್ಲಿಟ್ಟು, ಉಲ್ಲೇಖ ೩ರ ಮಾತನ್ನು ಹೇಳಿದಿರಿ. ಜೀಪ್ನಿ ಹತ್ತುವಾಗ ಅರ್ಜಿದಾರನ ಮೊಣಕೈ ಹಿಡಿದುಕೊಂಡಿರಿ.

೬. ಅಂದಿನಿಂದ ಇಂದಿಗೆ ಹನ್ನೊಂದು ದಿನ. ತಾವು ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟಿದ್ದೀರಿ. ಬಂಗುಸ್ ಮೀನಿನ ಮುಳ್ಳು ತೆಗೆಯಲು ಪಕ್ಕದ ಮನೆಯ ನಾಂಗ್ ಪಾಸಿಂಗ್ ಬರಬೇಕಾಗಿದೆ. ಓದಬಲ್ಲ ಪತ್ರಿಕೆಯನ್ನು ಓದಲಾರೆ ಎಂದುಕೊಂಡು ಮಡಿಸಿಡುತ್ತಿದ್ದೀರಿ. ಮಾರುಕಟ್ಟೆಗೂ ಚರ್ಚಿಗೂ ಹೋಗುವಾಗ ಅರ್ಜಿದಾರನ ಮೊಣಕೈ ಹಿಡಿದೇ ರಸ್ತೆ ದಾಟುತ್ತಿದ್ದೀರಿ.

ಹನ್ನೊಂದು ದಿನ ಯಾಕೆ ಸುಮ್ಮನಿದ್ದೆ ಎಂಬ ಪ್ರಶ್ನೆಗೆ ಹೆದರಿಕೆಯೊಂದೇ ಉತ್ತರವಲ್ಲ. ಇಪ್ಪತ್ತೆಂಟು ವರ್ಷ ಅರ್ಜಿದಾರನು ಹಡಗಿನಲ್ಲಿದ್ದನು, ತಾವು ಒಬ್ಬರೇ ರಸ್ತೆ ದಾಟಿದಿರಿ. ಮೊಣಕೈ ಹಿಡಿಸಿಕೊಳ್ಳುವುದು ಅವನಿಗೆ ಹಿತವಾಯಿತು. ಇದಕ್ಕಿಂತ ನಾಚಿಕೆಗೇಡಿನ ಕಾರಣ ಅವನ ಬಳಿ ಇಲ್ಲ.

೭. ಮೊನ್ನೆ ಶನಿವಾರ ಅರ್ಜಿದಾರನು ಒಬ್ಬನೇ ಮೈದಾನಕ್ಕೆ ಹೋಗಿದ್ದಾಗ ಚೋಯ್ ಫೋನು ಮುಂದೆ ಹಿಡಿದನು. ಪ್ರತಿ ಸರದಿಗೂ ಮುಂಚೆ ತಟ್ಟೆಗಳ ಹಿಂದಿನ ಮಣ್ಣುದಿಬ್ಬವನ್ನು ಸವರಿಸಿ, ಮುಗಿದ ಮೇಲೆ ಫೋಟೊ ತೆಗೆದಿಡುವುದು ಅವನ ಹಟ.

"ನೋಡಿಲ್ಲಿ. ಆರು ತಟ್ಟೆ, ಆರು ತೂತು. ಒಂದೊಂದು ತಟ್ಟೆಗೂ ಎರಡೇ ಬೆರಳು ಮೇಲೆ, ದಾರ ಹಿಡಿದಂಗೆ ಸಾಲಾಗಿ. ಕಣ್ಣು ಹೋದೋಳು ಹೊಡೆಯೋ ಹೊಡೆತಾನಾ ಇದು ಪಾರೆ?"

ಅರ್ಜಿದಾರನು ಪಿಸ್ತೂಲಿನ ಪೆಟ್ಟಿಗೆ ತೆರೆದು ತೋರಿಸಿದನು. ಚೋಯ್ ಗುರಿಕಡ್ಡಿಯ ಮೇಲೆ ಉಗುರು ಆಡಿಸಿ ನೋಡಿದನು. ಆಮೇಲೆ, "ಐದು ಗುಂಡು ತುಂಬಿ ಕೊಡ್ತೀನಿ, ಹೊಡಿ," ಎಂದನು. ನಡುವೆ ಒಂದು ಹುಸಿ ಗುಂಡು ಸೇರಿಸಿದ್ದು ಹೇಳಲಿಲ್ಲ. ಮೂರನೆಯದಕ್ಕೆ ಟಿಕ್ ಎಂದಷ್ಟೇ ಸದ್ದಾಯಿತು. ಆದರೆ ಪಿಸ್ತೂಲಿನ ಮೂತಿ ಹುಲ್ಲು ಕಂಡ ಮೇಕೆಯಂತೆ ನೆಲಕ್ಕೆ ಬಗ್ಗಿತು.

"ಗುಂಡೇ ಹಾರ್ಲಿಲ್ಲ. ನೀನ್ಯಾಕೆ ಬೆಚ್ಚಿದೆ? ಕಣ್ಣೂ ಮುಚ್ಚಿದ್ದೆ."

"ಇಲ್ಲಪ್ಪ."

"ಮುಚ್ಚಿದ್ದೆ ಪಾರೆ. ಯಾವಾಗ್ಲೂ ಮುಚ್ತೀಯ. ಸಿಯೋನ್ ಹೇಳಿಲ್ವಾ ನಿಂಗೆ?"

ಹೇಳಿದ್ದಿರಿ. ಕೆಂಪು ಶಾಯಿಯಲ್ಲಿ ಬರೆದೇ ಕೊಟ್ಟಿದ್ದಿರಿ. ಇಂಜಿನ್ ಕೋಣೆಯಲ್ಲಿ ವಾಲ್ವ್ ಒಡೆದ ದಿನದಿಂದ ಸದ್ದಿಗೆ ಮುಂಚೆಯೇ ಅರ್ಜಿದಾರನ ಕಣ್ಣು ಮುಚ್ಚುತ್ತದೆ, ಕೈ ತಗ್ಗುತ್ತದೆ. ತಮಗೆ ಅದು ಒಂಬತ್ತು ವರ್ಷದಿಂದ ಗೊತ್ತಿತ್ತು, ಯಾರ ಮುಂದೆಯೂ ಆಡಿ ತೋರಿಸಲಿಲ್ಲ. ಅವನು ಆ ಷರಾವನ್ನು ಬೈಗುಳವೆಂದು ಓದಿ, ತನ್ನ ಹೆದರಿಕೆಯ ಅಳತೆಗೆ ಪಿಸ್ತೂಲನ್ನು ಉಜ್ಜಿದನು.

ಈ ಎಲ್ಲ ಕಾರಣಗಳಿಂದ, ಆದ್ದರಿಂದ, ಸದರಿ ಸಂಗತಿಗಳ ಹಿನ್ನೆಲೆಯಲ್ಲಿ ತಿಳಿಯಪಡಿಸುವುದೇನೆಂದರೆ: ನಿನ್ನ ಕಣ್ಣಿಗೆ ಏನೂ ಆಗಿಲ್ಲ ಸಿಯೋನ್. ನಾನು ಕೆಡಿಸಿದ್ದು.

(ಮೇಲಿನ ಸಾಲಿನಲ್ಲಿ 'ನಿನ್ನ' ಎಂಬುದನ್ನು 'ತಮ್ಮ' ಎಂದೂ, 'ನಾನು' ಎಂಬುದನ್ನು 'ಅರ್ಜಿದಾರನು' ಎಂದೂ ತಿದ್ದಿ ಓದಿಕೊಳ್ಳತಕ್ಕದ್ದು.)

ಆದ್ದರಿಂದ ಪ್ರಾರ್ಥನೆ:

ಅ) ಹೊಸ ಟ್ರಿಗರಿನ ಬೇಡಿಕೆಯನ್ನು ಪೂರ್ತಿಯಾಗಿ ವಜಾ ಮಾಡುವುದು. ಟ್ರಿಗರಿನಲ್ಲಿ ದೋಷ ಕಂಡುಬಂದಿಲ್ಲ, ಒತ್ತುವವನಲ್ಲಿ ಕಂಡುಬಂದಿದೆ.

ಆ) ಹೊಳೆಯುವ ಗುರಿಕಡ್ಡಿ ಬೇಡ. ಮೊದಲಿದ್ದಂಥದ್ದೇ, ಅಷ್ಟೇ ಎತ್ತರದ ಸಾದಾ ಕಡ್ಡಿಯನ್ನು ತಮ್ಮ ಕಣ್ಣೆದುರಿಗೇ ಕೂರಿಸಲು ಅಪ್ಪಣೆ ನೀಡುವುದು.

ಇ) ಈ ಶನಿವಾರ ತಾವು ಮೈದಾನಕ್ಕೆ ಬಂದು ಆ ಆರು ತಟ್ಟೆಗಳನ್ನು ಬೀಳಿಸುವುದು. ಪೆಟ್ಟಿಗೆ ಹೊರುವುದು, ತಟ್ಟೆ ಎತ್ತಿ ನಿಲ್ಲಿಸುವುದು ಅರ್ಜಿದಾರನ ಕೆಲಸ.

ಶಿಕ್ಷೆಯ ಬಗ್ಗೆ ಅರ್ಜಿದಾರನು ಸಲಹೆ ನೀಡುವುದಿಲ್ಲ. ಪ್ರಾಧಿಕಾರಕ್ಕೆ ಅನುಭವವಿದೆ.

ತಮ್ಮ ವಿಶ್ವಾಸವನ್ನು ಕಳೆದುಕೊಂಡು, ಅದನ್ನೇ ಮರಳಿ ಕೋರುವ,
ತೆರ್ಯೊ

ಸ್ಥಳ: ಅಕ್ಕಿ ಡಬ್ಬದ ಮುಚ್ಚಳದ ಮೇಲೆ ಇಡಲಾಗಿದೆ
ದಿನಾಂಕ: ಜೂನ್ ಇಪ್ಪತ್ತಮೂರು

ಅಡಕಗಳು:
೧. ಮಣ್ಣುದಿಬ್ಬದ ಆರು ತೂತುಗಳ ಫೋಟೊ, ಒಂದು. ದಯವಿಟ್ಟು ಕನ್ನಡಕವಿಲ್ಲದೆ ನೋಡಿ. ಎಣಿಸಬಲ್ಲಿರಿ.
೨. ಸಾದಾ ಗುರಿಕಡ್ಡಿ, ಬೆಂಕಿಪೊಟ್ಟಣದಲ್ಲಿ, ಒಂದು.
೩. ಚೋಯ್‌ನ ಹುಸಿ ಗುಂಡು, ಒಂದು. ಅಭ್ಯಾಸಕ್ಕಾಗಿ ಅರ್ಜಿದಾರನಿಗೆ ಹಿಂದಿರುಗಿಸತಕ್ಕದ್ದು.
೪. ಅರ, ಒಂದು. ತಮ್ಮ ವಶಕ್ಕೆ, ಕಾಯಂ ಆಗಿ.

ವಿಶೇಷ ಸೂಚನೆ: ತಮ್ಮ ದೃಷ್ಟಿ ಸರಿಯಿದೆಯೆಂದು ಖಚಿತವಾದ ನಂತರವೂ, ರಸ್ತೆ ದಾಟುವಾಗ ಮೊಣಕೈ ಹಿಡಿಯುವ ಹಾಲಿ ವ್ಯವಸ್ಥೆಯನ್ನು ಬೇರೆ ಯಾವುದಾದರೂ ಸೂಕ್ತ ಕಾರಣ ನಮೂದಿಸಿ ಮುಂದುವರಿಸಬೇಕಾಗಿ ಕೋರಿದೆ.